ಅಡಿಗೆಮನೆಗೆ ಬಂದ ಹಾರ್ಲೆಂ ಹುಡುಗ

ಮನೆಯಲ್ಲಿ ಹದಿನೇಳರ ಮಗನಿರುವ ಸೋದರಿಯರೇ, ನನ್ನ ಮಾತು ನಿಮಗೆ ಬೇಗ ಅರ್ಥವಾದೀತು. ಕರೆದರೆ ಓಗೊಡುವುದಿಲ್ಲ, ಬಡಿಸಿದ್ದು ಸಾಕೋ ಬೇಕೋ ಹೇಳುವುದಿಲ್ಲ. ಹಿತ್ತಿಲ ಸಿಮೆಂಟು ನೆಲದ ಮೇಲೆ ಚೆಂಡು ಧಪ್ ಧಪ್ ಎಂದರೆ ಮಗ ಮನೆಯಲ್ಲಿದ್ದಾನೆ ಅಂತ ಗೊತ್ತು, ಅಷ್ಟೇ.

ಅವನಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು. ಐದನೇ ಕ್ಲಾಸಿನಿಂದ ಜೊತೆಗಾರ ಒಬ್ಬನೇ, ಬಸ್‌ಸ್ಟ್ಯಾಂಡಿನ ಹತ್ತಿರ ಹೂ ಮಾರುವಾಕೆಯ ಮಗ. ನಮ್ಮಲ್ಲಿ ಎಷ್ಟೋ ಸಲ ಉಂಡ ಹುಡುಗ. ಕಳೆದ ಬೇಸಿಗೆಯಲ್ಲಿ ಅವನ ಕೈಲಿ ದುಬಾರಿ ಮೊಬೈಲು ಕಂಡಿತು. "ಹೂ ಮಾರಿದ ದುಡ್ಡಲ್ಲಿ ಅದು ಬರುತ್ತೇನ್ರೀ?" ಎಂದು ಪಕ್ಕದ ಮನೆಯವರು ರಾಗ ಎಳೆದರು. ಕ್ರಿಕೆಟ್ ಬೆಟ್ಟಿಂಗಿನವರ ಜೊತೆ ನೋಡಿದೆವು ಅಂತ ಇನ್ನೊಬ್ಬರು. ಸುಳ್ಳೇಕೆ ಹೇಳಲಿ, ನಾನು ವಿಚಾರಿಸಲೇ ಇಲ್ಲ. "ಇನ್ನು ಅವನ ಸಹವಾಸ ಬೇಡ, ಮನೆಗೂ ಕರೀಬೇಡ" ಎಂದುಬಿಟ್ಟೆ. ಮಗ ಎದುರಾಡಲಿಲ್ಲ. ನನ್ನೊಡನೆ ಮಾತು ಬಿಟ್ಟ.

ಅದೇ ವೇಳೆಗೆ ಬೆಂಗಳೂರಿಂದ ಬಂದಿದ್ದ ನಮ್ಮಣ್ಣನ ಮಗಳು ಒಂದು ಇಂಗ್ಲಿಷ್ ಕಾದಂಬರಿ ಬಿಟ್ಟು ಹೋದಳು. "ಓದಿ ಅತ್ತೆ, ಹುಡುಗರ ಪುಸ್ತಕ, ಕಷ್ಟ ಇಲ್ಲ" ಅಂದಳು. ಕಷ್ಟ ಇಲ್ಲವಂತೆ! ನನ್ನದು ಎಸ್ಸೆಸ್ಸೆಲ್ಸಿ ಇಂಗ್ಲಿಷು. ಪುಸ್ತಕವೋ ನ್ಯೂಯಾರ್ಕಿನ ಹುಡುಗರ ಆಡುಮಾತಿನಲ್ಲೇ ಇದೆ, ಅರ್ಧ ಮಾತು ನಿಘಂಟಿನಲ್ಲಿ ಸಿಗದು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ದಿನಕ್ಕೆ ನಾಲ್ಕೈದು ಪುಟದಂತೆ, ತಿಳಿಯದ್ದನ್ನು ಅವಳಿಗೇ ಫೋನು ಮಾಡಿ ಕೇಳುತ್ತ ಎರಡು ತಿಂಗಳಲ್ಲಿ ಮುಗಿಸಿದೆ. ಆ ಎರಡು ತಿಂಗಳಲ್ಲಿ ಎಷ್ಟು ಸಲ ಹಾಲು ಉಕ್ಕಿಸಿದೆನೋ!

ಪುಸ್ತಕದ ಹೆಸರು 'ಸ್ಲ್ಯಾಮ್'. ಬರೆದವರು ವಾಲ್ಟರ್ ಡೀನ್ ಮೈಯರ್ಸ್. 1996ರಲ್ಲಿ ಪ್ರಕಟವಾಗಿ, ಮರುವರ್ಷ ಮಾರ್ಟಿನ್ ಲೂಥರ್ ಕಿಂಗರ ಪತ್ನಿ ಕೊರೆಟ್ಟಾ ಅವರ ಹೆಸರಿನ ಬಹುಮಾನ ಪಡೆಯಿತು. ನ್ಯೂಯಾರ್ಕಿನ ಹಾರ್ಲೆಂ ಎಂಬ ಕರಿಯರ ಕೇರಿಯ ಹದಿನೇಳರ ಹುಡುಗ ಗ್ರೆಗ್. ಹತ್ತಡಿ ಎತ್ತರದ ಬಳೆಯೊಳಕ್ಕೆ ಹಾರಿ ಚೆಂಡನ್ನು ಕೈಯಾರೆ ತುರುಕುತ್ತಾನೆ ಅಂತ ಅವನಿಗೆ 'ಸ್ಲ್ಯಾಮ್' ಎಂಬ ಅಡ್ಡಹೆಸರು. ಅಂಗಳದಲ್ಲಿ ರಾಜ, ಗಣಿತದಲ್ಲಿ ಸೊನ್ನೆಯ ಹತ್ತಿರ. ಬಿಳಿಯ ಮಕ್ಕಳೇ ಹೆಚ್ಚಿರುವ ಹೊಸ ಶಾಲೆ, ಅಲ್ಲಿ ಕೋಚನ ಜೊತೆ ಜಟಾಪಟಿ. ಮನೆಯಲ್ಲಿ ಕೆಲಸ ಸರಿಯಿಲ್ಲದ, ಕುಡಿಯುವ ಅಪ್ಪ. ಅಜ್ಜಿ ಆಸ್ಪತ್ರೆಯಲ್ಲಿ. ಬಡತನ ಅಂದರೆ ಬರೀ ಹಸಿವು ಅಂದುಕೊಂಡಿದ್ದೆ. ಆ ಮನೆಯಲ್ಲಿ ಅಮ್ಮ ಅಪ್ಪನ ಮುಖ ನೋಡಿ ಮಾತು ಅಳೆಯುವುದಿದೆಯಲ್ಲ, ಅದೂ ಬಡತನವೇ.

ಅವನಿಗೊಬ್ಬ ಬಾಲ್ಯದ ಗೆಳೆಯ, ಐಸ್. ಅಷ್ಟೇ ಚೆನ್ನಾಗಿ ಆಡುವವನು. ಇದ್ದಕ್ಕಿದ್ದಂತೆ ಅವನ ಕೈಲಿ ದುಡ್ಡು ಓಡಾಡುತ್ತದೆ. ಮಾದಕ ವಸ್ತು ಮಾರುತ್ತಾನೆಂಬ ಗುಲ್ಲು. ಗ್ರೆಗ್ ನಂಬಲೊಲ್ಲ. ಇಲ್ಲಿಗೆ ಬಂದಾಗ ನನ್ನ ಎದೆ ಹೊಡೆದುಕೊಂಡಿತು ನೋಡಿ! ಐಸ್ ನಿರಪರಾಧಿ ಆಗಿರಲಪ್ಪಾ ಅಂತ ದೇವರಿಗೆ ಹರಕೆ ಕಟ್ಟುವುದೊಂದು ಬಾಕಿ. ಆಗಲಿಲ್ಲ. ಗುಲ್ಲು ನಿಜವೇ ಆಗಿತ್ತು.

'ಸರಿ, ನಾನು ಮಾಡಿದ್ದೂ ಸರಿ' ಎಂದು ಪುಸ್ತಕ ಮುಚ್ಚಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಆ ಹುಡುಗ ಗೆಳೆಯನ ಮುಂದೆ ತಾನೇ ನಿಂತು ಕೇಳಿದ್ದ. ನಾನು ಯಾರನ್ನು ಕೇಳಿದ್ದೆ? ಕಾಂಪೌಂಡಿನ ಆಚೆಯವರನ್ನು.

ಮೈಯರ್ಸ್ ಅವರ ಬಾಳೂ ಅಂಥದ್ದೇ. 1937ರಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ತಾಯಿ ಹೋಗಿ, ಹಾರ್ಲೆಮ್ಮಿನ ಡೀನ್ ದಂಪತಿಗಳ ಮಡಿಲಲ್ಲಿ ಬೆಳೆದವರು. ಆ ಋಣಕ್ಕೇ ಮುಂದೆ ಹೆಸರಿನ ನಡುವೆ 'ಡೀನ್' ಸೇರಿಸಿಕೊಂಡರು. ಹೈಸ್ಕೂಲು ಮುಗಿಸದೆ ಹದಿನೇಳಕ್ಕೆ ಸೈನ್ಯ ಸೇರಿದವರು, 2014ರಲ್ಲಿ ತೀರಿಕೊಳ್ಳುವ ಹೊತ್ತಿಗೆ ನೂರಕ್ಕೂ ಹೆಚ್ಚು ಪುಸ್ತಕ ಬರೆದಿದ್ದರು. ಸಾಕುತಂದೆಗೆ ಓದಲು ಬರುತ್ತಿರಲಿಲ್ಲವಂತೆ. ಸಾಕುತಾಯಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳುತ್ತಿದ್ದುದು ಏನು ಗೊತ್ತೇ? ಹೆಂಗಸರು ಓದುವ ಪ್ರೇಮಕಥೆಗಳ ಮ್ಯಾಗಜೀನು! ನಮ್ಮ ಇವರು ನನ್ನ ಕೈಯ ಪತ್ರಿಕೆ ಕಂಡು ಮೂಗು ಮುರಿದಾಗ ಇದನ್ನು ಹೇಳಿದ್ದೇನೆ.

ಮರುದಿನ ಹೂವಿನ ನೆಪದಲ್ಲಿ ಬಸ್‌ಸ್ಟ್ಯಾಂಡಿಗೆ ಹೋದೆ. ಕೇಳಬೇಕೆಂದುಕೊಂಡದ್ದು ಬಾಯಿಗೆ ಬರಲಿಲ್ಲ. ಆಕೆ ಎರಡು ಮೊಳ ಅಳೆದು, ಮೇಲೊಂದು ಗೇಣು ಸೇರಿಸಿ, "ಅಕ್ಕಾವ್ರೇ, ನಿಮ್ ಮಗ ಬರೋದೇ ಬಿಟ್ಟವ್ನೆ. ಹುಷಾರಿಲ್ವಾ?" ಎಂದಳು. ನೆಟ್ಟಗಿದ್ದಾನೆ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಸಂಜೆ ಮಗನಿಗೆ, "ಭಾನುವಾರ ಅವನನ್ನ ಕರಿ, ಸೆಟ್ ದೋಸೆ ಮಾಡ್ತೀನಿ" ಎಂದೆ. ನನ್ನ ಮುಖವನ್ನೇ ನೋಡಿದ. "ನೀನೇ ಕರಿಯಮ್ಮ" ಅಂದ.

ಕರೆದೆ. ಬಂದ. ಗೇಟಿನ ಹತ್ತಿರವೇ ನಿಂತು "ಇಲ್ಲೇ ಇರ್ತೀನಿ ಆಂಟಿ" ಎಂದ ಹುಡುಗನನ್ನು ಕೈ ಹಿಡಿದು ಒಳಗೆ ತಂದೆ. ಮೊಬೈಲಿನ ವಿಷಯ ಇನ್ನೂ ಕೇಳಿಲ್ಲ. ಕೇಳುತ್ತೇನೆ, ಅವನನ್ನೇ. ಅವತ್ತು ಮಾತ್ರ ಆರು ದೋಸೆ ತಿಂದ, ಹಿತ್ತಿಲಲ್ಲಿ ಕತ್ತಲಾಗುವ ತನಕ ಚೆಂಡು ಕುಟ್ಟಿತು.