ಕಾಲುವೆಯ ಒಪ್ಪಂದ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರವೆಂದೂ ಹೆಸರುಂಟು. ಅದರ ನೀರು ತೂಬನ್ನು ದಾಟಿ, ಕಾಲುವೆಗಿಳಿದು, ಗದ್ದೆಯನ್ನು ಸೇರುತ್ತದೆ. ಕೆರೆ ಎಷ್ಟೇ ದೊಡ್ಡದಿರಲಿ, ಕಾಲುವೆಯ ಮಟ್ಟ ಗದ್ದೆಗೆ ಹೊಂದದಿದ್ದರೆ ಪೈರಿಗೆ ಹನಿ ನೀರೂ ದಕ್ಕದು. ಗಣಕಯಂತ್ರಕ್ಕೂ ಈ ಮಾತು ಸಲ್ಲುತ್ತದೆ.

ಬ್ಯಾಂಕು, ರೈಲ್ವೆ ಮೊದಲಾದ ದೊಡ್ಡ ಸಂಸ್ಥೆಗಳ ಲೆಕ್ಕಪತ್ರವನ್ನು ನಿರ್ವಹಿಸುವ ಭಾರಿ ಗಣಕಯಂತ್ರಕ್ಕೆ ಮೇನ್‌ಫ್ರೇಮ್ ಎಂದು ಹೆಸರು. ಲೆಕ್ಕ ಹಾಕುವುದು ಅದರ ಕೆಲಸ. ಲೆಕ್ಕವನ್ನು ಕಾಪಿಡುವ ಹೊಣೆ ಡಿಸ್ಕ್‌ಗಳದು. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಸಂಗ್ರಹದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ.

1964ರಲ್ಲಿ ಅದೇ ಸಂಸ್ಥೆ ಸಿಸ್ಟಂ/360 ಎಂಬ ಯಂತ್ರಗಳ ಕುಟುಂಬವನ್ನು ಪ್ರಕಟಿಸಿತು. ಯಂತ್ರಕ್ಕೂ ಡಿಸ್ಕಿಗೂ ನಡುವಿನ ಹಾದಿಗೆ 'ಚಾನೆಲ್' ಎಂದು ಹೆಸರು, ಎಂದರೆ ಕಾಲುವೆಯೇ. ಅದರ ತುದಿಯಲ್ಲಿ ನೀರಗಂಟಿಯಂತೆ ನಿಯಂತ್ರಕವೊಂದು ನಿಲ್ಲುತ್ತದೆ. 'ಇಂಥ ತಟ್ಟೆಯ ಇಂಥ ಸುತ್ತಿನಿಂದ ಓದು' ಎಂಬ ಆಜ್ಞೆ ಬಂದೊಡನೆ ಅದು ಡಿಸ್ಕಿನ ತೋಳನ್ನು ಅಲ್ಲಿಗೆ ಸರಿಸಿ, ದೊರೆತ ಮಾಹಿತಿಯನ್ನು ಯಂತ್ರಕ್ಕೆ ಕಳುಹಿಸುತ್ತದೆ. ತಂತಿಗಳ ಜೋಡಣೆ, ಸಂಕೇತಗಳ ಕ್ರಮ, ಆಜ್ಞೆಗಳ ರೂಪ ಎಲ್ಲವೂ ನಿಗದಿಯಾಗಿದ್ದವು.

ಕ್ರಮ ತಿಳಿದ ಮೇಲೆ ಅನ್ಯರು ಸುಮ್ಮನಿರುವರೆ? 1960ರ ದಶಕದ ಕೊನೆಗೆ ಮೆಮೊರೆಕ್ಸ್, ಟೆಲೆಕ್ಸ್ ಮೊದಲಾದ ಸಂಸ್ಥೆಗಳು ಅದೇ ಕಾಲುವೆಗೆ ಹೊಂದುವ ಡಿಸ್ಕ್‌ಗಳನ್ನು ಕಡಿಮೆ ಬೆಲೆಗೆ ಮಾರತೊಡಗಿದವು. ಕೇಳಿದ ಮಾತಿಗೆ ತಕ್ಕ ರೀತಿಯಲ್ಲಿ ಉತ್ತರ ಬಂದರೆ ಸಾಕು, ಡಿಸ್ಕ್ ಯಾರದೆಂದು ಮೇನ್‌ಫ್ರೇಮ್ ವಿಚಾರಿಸದು. ಆದರೆ ಇದರಲ್ಲಿ ತೊಡಕೂ ಉಂಟು. ಕೆಟ್ಟು ನಿಂತಾಗ ಯಂತ್ರದವರು ಡಿಸ್ಕಿನವರನ್ನೂ, ಡಿಸ್ಕಿನವರು ಯಂತ್ರದವರನ್ನೂ ದೂರಬಹುದು. ಮೂಲ ತಯಾರಕರು ಜೋಡಣೆಯ ಕ್ರಮವನ್ನೇ ಬದಲಿಸಿದರೆ ಉಳಿದವರು ಮತ್ತೆ ಮೊದಲಿನಿಂದ ಕಲಿಯಬೇಕು.

ಹೀಗಿದ್ದರೂ ಒಬ್ಬರನ್ನೇ ನೆಚ್ಚಿ ಕುಳಿತುಕೊಳ್ಳುವುದು ಕ್ಷೇಮವಲ್ಲ. 1978ರಲ್ಲಿ ಐಬಿಎಂ ಭಾರತವನ್ನು ಬಿಟ್ಟು ಹೋಯಿತು. ಅದರ ಯಂತ್ರಗಳು ಇಲ್ಲಿಯೇ ಉಳಿದವು. ಅವುಗಳ ಆರೈಕೆಯನ್ನು ಸರ್ಕಾರಿ ಸಂಸ್ಥೆಯಾದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ವಹಿಸಿಕೊಂಡಿತು. ತಯಾರಿಸಿದವರು ಹೋದರೂ ಬಳಸುವವರ ಕೆಲಸ ನಿಲ್ಲುವಂತಿರಲಿಲ್ಲ.

2000ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆಯಡಿ ಚನ್ನಗಿರಿ, ಹೊನ್ನಾಳಿ, ಜಗಳೂರುಗಳ ಪಹಣಿಗಳೂ ಗಣಕಯಂತ್ರವನ್ನು ಸೇರಿದವು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿ ಆಗ ಹೊನ್ನಾಳಿಯ ಭಾಗವಾಗಿತ್ತು. ತಾಲ್ಲೂಕು ಕಚೇರಿಗಳಿಗೆ ಬಂದವು ಮೇನ್‌ಫ್ರೇಮ್‌ಗಳಲ್ಲ, ಸಣ್ಣ ಯಂತ್ರಗಳು. ಆದರೂ ಕಾಲುವೆಯ ನೀತಿ ಅವಕ್ಕೂ ಒಂದೇ. ಜಗಳೂರಿನ ಮಳೆಯಾಶ್ರಿತ ಹೊಲದ ರೈತನಿಗೆ ಪಹಣಿಯೇ ಸಾಲಕ್ಕೆ ಆಧಾರ. ಡಿಸ್ಕ್ ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಹೊಲ ತಂದೆಯಿಂದ ಮಗನಿಗೆ, ಮಗಳಿಗೆ ಸಾಗುತ್ತದೆ. ಹಳೆಯ ಡಿಸ್ಕ್ ಹೋಗಿ ಬೇರೊಬ್ಬರು ಮಾಡಿದ ಹೊಸದು ಬಂದಾಗಲೂ ಆ ರೈತನ ಹೆಸರು ಒಂದಕ್ಷರವೂ ಕೆಡದೆ ದಾಟಬೇಕು. ಹಾಗೆ ದಾಟಿಸುವುದು ಎಲ್ಲರೂ ಒಪ್ಪಿದ ಕಾಲುವೆ.