ಥರ್ಮೋಸ್ಟಾಟೂ, ನನ್ನ ಮೆಕ್ಯಾನಿಕಲ್ ಡಿಗ್ರಿಯೂ

ಬ್ಲಾಗಿನ ಕಡೆ ತಲೆ ಹಾಕಿ ತುಂಬಾ ದಿನವಾಯ್ತು. ಆಫೀಸಿನ ಕೆಲಸ ಅಂತ ನೆಪ ಹೇಳಬಹುದು, ಆದರೆ ನಿಜವಾದ ಕಾರಣ ಗೆಳೆಯನ ಕಾರು. ನಾನು ಓದಿದ್ದು ಮೆಕ್ಯಾನಿಕಲ್, ಮಾಡ್ತಿರೋದು ಸಾಫ್ಟ್‌ವೇರು. ಹಾಗಾಗಿ ಯಾರಾದ್ರೂ ಇಂಜಿನ್ ಬಗ್ಗೆ ಕೇಳಿದ್ರೆ ಸಾಕು, ಎಲ್ಲಿಲ್ಲದ ಹುಮ್ಮಸ್ಸು ಬಂದುಬಿಡುತ್ತೆ :)

ಅವನು ಹಳೇ ಪೆಟ್ರೋಲ್ ಕಾರಿಗೆ ಟರ್ಬೋ ಹಾಕಿಸಿದ್ದ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಸಬೇಕು ಅನ್ನೋದು ಕಾಲೇಜ್ ದಿನಗಳ ಆಸೆ. ಊರೊಳಗೆ ಸರಿಯಾಗಿದ್ದ ಕಾರು, ಜೋರಾಗಿ ಓಡಿಸಿದ್ರೆ ಹತ್ತೇ ನಿಮಿಷಕ್ಕೆ ಟೆಂಪರೇಚರ್ ಮುಳ್ಳನ್ನ ಮೇಲೇರಿಸುತ್ತಿತ್ತು. "ಏನ್ ಮಾಡೋದೋ?" ಅಂದ. "ಈಗಿರೋದು 82 ಡಿಗ್ರಿ ಥರ್ಮೋಸ್ಟಾಟ್ ಅಲ್ವಾ, 71ರದ್ದು ಹಾಕ್ಸು. ಬೇಗ ತೆರೆಯುತ್ತೆ, ಇಂಜಿನ್ ತಣ್ಣಗಿರುತ್ತೆ" ಅಂದುಬಿಟ್ಟೆ. ಒಂದು ಕಾಫಿ ಕುಡಿಯೋವಷ್ಟು ಹೊತ್ತೂ ಯೋಚಿಸಲಿಲ್ಲ. ಜೆ.ಸಿ. ರೋಡಲ್ಲಿ ಹುಡುಕಿ ತಂದು ಹಾಕಿಸಿದ್ವಿ.

ಟ್ರ್ಯಾಕಿನಲ್ಲಿ ಐದನೇ ಸುತ್ತಿಗೆ ಬಾನೆಟ್ಟಿಂದ ಬಿಳಿ ಹಬೆ. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಹೆಡ್ಡೂ ಬಾಗಿತ್ತು. ಅವನ ಒಂದು ವರ್ಷದ ಉಳಿತಾಯ. ಬೆಂಗಳೂರು ಮುಟ್ಟೋವರೆಗೂ ಅವನು ಒಂದು ಮಾತೂ ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಗ್ಯಾರೇಜಿನ ಮೇಸ್ತ್ರಿ ರೇಡಿಯೇಟರ್ ಬಿಚ್ಚಿ ತೋರಿಸಿದ್ರು. ಅರ್ಧಕ್ಕರ್ಧ ಕೊಳವೆಗಳು ಕಟ್ಟಿಕೊಂಡಿದ್ವು. "ಬಾಗ್ಲು ಬೇಗ ತೆಗೆದ್ರೆ ಏನ್ ಬಂತು ಸಾರ್, ಆಚೆ ಹೋಗೋಕೆ ದಾರಿನೇ ಇಲ್ವಲ್ಲ!"

ಅಷ್ಟೇ ವಿಷಯ. ಥರ್ಮೋಸ್ಟಾಟ್ ಒಳಗೆ ಪುಟ್ಟ ಬಟ್ಟಲಲ್ಲಿ ಮೇಣ ಇರುತ್ತೆ. ಬಿಸಿಗೆ ಕರಗಿ ಉಬ್ಬಿ ವಾಲ್ವನ್ನ ತಳ್ಳುತ್ತೆ, ತಣ್ಣಗಾದ್ರೆ ಸ್ಪ್ರಿಂಗ್ ಮುಚ್ಚುತ್ತೆ. 82 ಅಂದ್ರೆ ಅಲ್ಲಿ ತೆರೆಯೋಕೆ ಶುರು, 95ರ ಆಸುಪಾಸಿಗೆ ಪೂರ್ತಿ ತೆರೆದಿರುತ್ತೆ. ಇಂಜಿನ್ ಇದಕ್ಕಿಂತ ತಣ್ಣಗಾಗದ ಹಾಗೆ ನೋಡಿಕೊಳ್ಳೋದು ಅದರ ಕೆಲಸ. ಇದಕ್ಕಿಂತ ಬಿಸಿಯಾಗದ ಹಾಗೆ ತಡೆಯೋದು ರೇಡಿಯೇಟರ್, ಫ್ಯಾನ್, ಪಂಪಿನ ಕೆಲಸ. ಮುಳ್ಳು 105 ತೋರಿಸುವಾಗ 71ರದ್ದೂ 82ರದ್ದೂ ಎರಡೂ ಬಾಯಿ ತೆರೆದುಕೊಂಡೇ ಇರುತ್ತವೆ. ನನ್ನ ಸಲಹೆಯಿಂದ ಸಿಕ್ಕಿದ್ದು ಹೆಚ್ಚಂದ್ರೆ ಒಂದು ನಿಮಿಷ. ಫ್ಯಾನ್ ಸ್ವಿಚ್ 95ಕ್ಕೇ ಇದ್ದರೆ, ನಿಂತ ಕಾರಲ್ಲಿ ಆ ಲಾಭವೂ ಇಲ್ಲ.

"ನಮ್ಮ ಸೆಖೆಗೆ ಅದು ಬೇಡವೇ ಬೇಡ" ಅಂತ ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕೋರೂ ಇದ್ದಾರೆ. ಆಗ ಇಂಜಿನ್ ಬಿಸಿಯಾಗೋಕೆ ತುಂಬಾ ಹೊತ್ತು ಬೇಕು. ಇನ್ನೂ ತಣ್ಣಗಿದೆ ಅಂದುಕೊಂಡ ಇಸಿಯು ಪೆಟ್ರೋಲ್ ಸುರಿಯುತ್ತಲೇ ಇರುತ್ತೆ, ಸಿಲಿಂಡರ್ ಸವೆಯುತ್ತೆ. ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ದಾರಿಯನ್ನ ಮುಚ್ಚೋದೂ ಅದೇ ಥರ್ಮೋಸ್ಟಾಟ್. ಕಿತ್ತರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಲ್ಲೇ ಸುತ್ತುತ್ತೆ, ಇನ್ನೂ ಬೇಗ ಕಾಯುತ್ತೆ!

ಈ ಸಲ ದೊಡ್ಡ ರೇಡಿಯೇಟರ್ ಬಂದಿದೆ, ಥರ್ಮೋಸ್ಟಾಟ್ ಮತ್ತೆ 82ರದ್ದೇ. ಹೊಸದನ್ನ ರೂಮಿನಲ್ಲಿ ಹಾಲಿನ ಪಾತ್ರೆಗೆ ನೀರು ಹಾಕಿ, ತಳಕ್ಕೆ ತಾಗದ ಹಾಗೆ ದಾರದಲ್ಲಿ ನೇತುಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ ನೋಡಿದೆ. 83ಕ್ಕೆ ನಿಧಾನಕ್ಕೆ ಬಾಯಿ ಬಿಡ್ತು. ರೂಮ್‌ಮೇಟ್ ಅವತ್ತಿಂದ ಹೋಟೆಲ್ಲಲ್ಲೇ ಕಾಫಿ ಕುಡೀತಿದ್ದಾನೆ. ಕೂರಿಸುವಾಗ ಗಾಳಿ ಹೋಗೋ ಸಣ್ಣ ತೂತು ಮೇಲಕ್ಕೆ ಬರೋ ಹಾಗೆ ಮೇಸ್ತ್ರಿಯೇ ತಿರುಗಿಸಿದ್ರು. ಅದೂ ನನಗೆ ಗೊತ್ತಿರಲಿಲ್ಲ.

ಮುಂದಿನ ತಿಂಗಳು ಮತ್ತೆ ಕೊಯಮತ್ತೂರು. ನನ್ನನ್ನೂ ಕರೆದಿದ್ದಾನೆ. ಪಕ್ಕದಲ್ಲಿ ಕೂತು ಮುಳ್ಳು ನೋಡೋದಷ್ಟೇ ನನ್ನ ಕೆಲಸವಂತೆ, ಬಾಯಿ ಬಿಡೋ ಹಾಗಿಲ್ಲವಂತೆ..