ಮುಖರ್ಜಿ ನಗರದಲ್ಲಿ ಒಂದು ಎಡೆ

2024ರ ಸೆಪ್ಟೆಂಬರ್ 29, ಭಾನುವಾರ. ಕನ್ನಡ ಸಾಹಿತ್ಯದ ಎರಡನೇ ಪತ್ರಿಕೆ ಬರೆದು ರೂಮಿಗೆ ಬಂದಾಗ ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಮೇನ್ಸ್ ಮುಗಿದಿತ್ತು. ಹಾಸಿಗೆ ಮೇಲೆ ಬಿಟ್ಟು ಹೋಗಿದ್ದ ಫೋನಿನಲ್ಲಿ ಅಮ್ಮನ ಮೂರು ಮಿಸ್ಡ್ ಕಾಲ್ ಇದ್ದವು. ಪರೀಕ್ಷೆ ಹೇಗಾಯಿತು ಅಂತ ಕೇಳಲು ಮಾಡಿರುತ್ತಾಳೆ ಅಂದುಕೊಂಡು ತಿರುಗಿ ಮಾಡಿದೆ. ಅವಳು ಕೇಳಿದ್ದು ಬೇರೆ.

"ಬುಧವಾರ ಅಮಾಸೆ ಕಣ್ ಮಗ. ಈ ಸಲ ಎಡೆ ನೀನೇ ಇಕ್ಬೇಕು."

ಅಕ್ಕನ ಬಾಣಂತನಕ್ಕೆ ಅಮ್ಮ ಬೆಂಗಳೂರಿಗೆ ಹೋಗಿದ್ದಳು. ಊರಿನ ಮನೆಗೆ ಬೀಗ. ಮಗಳ ಮನೆಯಲ್ಲಿ ನಮ್ಮ ಹಿರಿಯರಿಗೆ ಎಡೆ ಇಡುವಂತಿಲ್ಲ ಎನ್ನುವುದು ಅವಳ ಲೆಕ್ಕ. ಅಳಿಯ ಬೇಡ ಅಂದಿರಲಿಲ್ಲ, ಇವಳೇ ಒಪ್ಪಲಿಲ್ಲ. "ಅವ್ರು ಬಂದು ಬಾಗ್ಲಲ್ಲಿ ನಿಂತ್ಕಂಡ್ರೆ ಬೀಗ ನೋಡ್ಕಂಡು ವಾಪಸ್ ಹೋಗ್ಬೇಕಾ?" ಅಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮದು ಮಳವಳ್ಳಿ ತಾಲೂಕಿನ ಕಡೆ. ನಮ್ಮಲ್ಲಿ ಪಿತೃಪಕ್ಷ ಅಂದರೆ ಹಬ್ಬ. ಪುರೋಹಿತರಿಲ್ಲ, ಮಂತ್ರವಿಲ್ಲ. ಗೋಡೆಗೆ ಒರಗಿಸಿ ಕಳಶ, ಅದರ ಪಕ್ಕ ಹೊಸ ಪಂಚೆ, ಹೊಸ ಸೀರೆ. ಮುಂದೆ ಬಾಳೆ ಎಲೆ, ಅದರಲ್ಲಿ ಸತ್ತವರಿಗೆ ಇಷ್ಟವಾದದ್ದೆಲ್ಲ. ಮುದ್ದೆ, ನಾಟಿ ಕೋಳಿ ಸಾರು, ಮಟನ್ನು, ಕಜ್ಜಾಯ, ವಡೆ, ಅಜ್ಜಿಗೆ ಎಲೆ ಅಡಿಕೆ ಕಡ್ಡಿಪುಡಿ, ಅಜ್ಜನಿಗೆ ಒಂದು ಕ್ವಾರ್ಟರ್. ಧೂಪ ಹಾಕಿ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ. ಒಳಗೆ ಅವರು ಉಣ್ಣುತ್ತಿರುತ್ತಾರೆ. ಚಿಕ್ಕವನಿದ್ದಾಗ ಬಾಗಿಲ ಸಂದಿಯಲ್ಲಿ ಇಣುಕಲು ಹೋಗಿ ಅಪ್ಪನ ಕೈಲಿ ಏಟು ತಿಂದಿದ್ದೆ. ಈಗ ಒಳಗಿನ ಸಾಲಿನಲ್ಲಿ ಅಪ್ಪನೂ ಕೂರುತ್ತಾನೆ.

ಇನ್ನು ಇಲ್ಲಿಯ ಸಂಗತಿ. ಕರ್ನಾಟಕದಿಂದ ಬರುವ ಹುಡುಗರು ಸಾಮಾನ್ಯವಾಗಿ ಸೇರುವುದು ರಾಜಿಂದರ್ ನಗರಕ್ಕೆ. ಮುಖರ್ಜಿ ನಗರ ಹಿಂದಿ ಮಾಧ್ಯಮದವರ ಊರು. ನಾನು ಇಲ್ಲಿಗೆ ಬಂದದ್ದು ಬಾಡಿಗೆ ಕಡಿಮೆ ಅಂತ. ಬತ್ರಾ ಸಿನಿಮಾದ ಹಿಂದಿನ ಗಲ್ಲಿಗಳಲ್ಲಿ ನಾಲ್ಕು ವರ್ಷ ಓಡಾಡಿದರೂ ಕನ್ನಡ ಕಿವಿಗೆ ಬಿದ್ದದ್ದು ಬೆರಳೆಣಿಕೆ ಸಲ. ಇಲ್ಲಿ ಈ ಹದಿನೈದು ದಿನ ನಮ್ಮ ಕ್ರಮಕ್ಕೆ ಪೂರ್ತಿ ಉಲ್ಟಾ. ಮಾಂಸವಿಲ್ಲ, ಎಷ್ಟೋ ಮನೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹೊಸ ಬಟ್ಟೆ ಕೊಳ್ಳುವುದಿಲ್ಲ, ಹೊಸ ಕೆಲಸ ಶುರು ಮಾಡುವುದಿಲ್ಲ. ಈ ಸಲ ಮೇನ್ಸ್ ಸೆಪ್ಟೆಂಬರ್ 20ರಿಂದ ಇದ್ದದ್ದು ಸರಿಯಾಗಿ ಪಿತೃಪಕ್ಷದ ನಡುವೆಯೇ. ಪಕ್ಕದ ರೂಮಿನವನ ತಾಯಿ ಇದಕ್ಕೆ ಎಷ್ಟು ಕಂಗಾಲಾಗಿದ್ದರು ಅಂದರೆ, ಮೊದಲ ಪತ್ರಿಕೆ ಮುಂದೂಡಲು ಅರ್ಜಿ ಹಾಕಲು ಬರುವುದಿಲ್ಲವೇ ಎಂದು ಮಗನನ್ನು ಕೇಳಿದ್ದರಂತೆ.

ನನ್ನ ರೂಮ್‌ಮೇಟ್ ಗಯಾ ಜಿಲ್ಲೆಯವನು. ಪಿತೃಪಕ್ಷದ ಮೇಳದ ಊರು. ದೇಶದ ನಾನಾ ಕಡೆಯ ಜನ ವಿಷ್ಣುಪಾದ ದೇವಸ್ಥಾನಕ್ಕೆ, ಫಲ್ಗು ನದಿ ದಡಕ್ಕೆ ಪಿಂಡ ಇಡಲು ಬರುವುದನ್ನು ನೋಡುತ್ತಲೇ ಬೆಳೆದವನು. ಫಲ್ಗುವಿನಲ್ಲಿ ವರ್ಷದ ಬಹುಪಾಲು ನೀರು ಮರಳಿನ ಕೆಳಗೇ ಇರುತ್ತದೆ, ಅದು ಸೀತೆಯ ಶಾಪ ಅನ್ನುತ್ತಾರೆ. 2022ರಲ್ಲಿ ಸರ್ಕಾರ ರಬ್ಬರ್ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿತು. "ಶಾಪಕ್ಕೆ ಪರಿಹಾರ, ಕರೆಂಟ್ ಅಫೇರ್ಸ್‌ಗೆ ಒಂದು ಪ್ರಶ್ನೆ" ಎಂದು ನಗುತ್ತಾನೆ. ನಮ್ಮಿಬ್ಬರ ಜಗಳ ತಿಂಗಳ ಹೆಸರಿನದು. ಅವನಿಗಿದು ಆಶ್ವಯುಜದ ಕೃಷ್ಣಪಕ್ಷ, ನನಗೆ ಭಾದ್ರಪದದ ಬಹುಳ. ಅವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಹದಿನೈದು ದಿನ ಮಾತ್ರ ಅವೇ. ಸತ್ತವರಿಗೆ ತಿಂಗಳ ಹೆಸರಿನಿಂದ ಗೊಂದಲವಾಗುವುದಿಲ್ಲ ಅಂತ ಕಾಣುತ್ತದೆ.

ಮನೆ ಒಡತಿಯನ್ನು ನಾವೆಲ್ಲ ಆಂಟಿ ಅನ್ನುತ್ತೇವೆ. ಕೆಳಗಿನ ಮನೆಯಲ್ಲಿ ಅವರು ಖೀರು ಪೂರಿ ಮಾಡಿ ಹಸು, ನಾಯಿ, ಕಾಗೆಗೆ ಪಾಲು ತೆಗೆದಿಡುವುದನ್ನು ಪ್ರತಿವರ್ಷ ನೋಡಿದ್ದೇನೆ. ರೂಮಿನಲ್ಲಿ ಮೊಟ್ಟೆ ಕೂಡ ಬೇಯಿಸಬಾರದು ಅನ್ನುವುದು ಬಾಡಿಗೆಯ ಮೊದಲ ಷರತ್ತು. ನಾನು ಒಪ್ಪಿ ಬಂದವನು. ಹೊರಗಿನಿಂದ ಚಿಕನ್ ಕರಿ ಕಟ್ಟಿಸಿಕೊಂಡು ಬ್ಯಾಗಿನಲ್ಲಿ ತರಬಹುದಿತ್ತು. ಆದರೆ ಅಪ್ಪನಿಗೆ ಕದ್ದು ಬಡಿಸುವುದು ಹೇಗೆ? ಅಮ್ಮನನ್ನು ಕೇಳಿದೆ. "ಹುಳ್ಳಿ ಸಾರು ಮಾಡು, ಅದೂ ಇಷ್ಟನೇ ಅವ್ರಿಗೆ. ಬೀಡಿ ಮರೀಬ್ಯಾಡ" ಅಂದಳು.

ಅಪ್ಪ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ. ದೆಹಲಿಯಲ್ಲೂ ಲಾಕ್‌ಡೌನ್, ಅಲ್ಲೂ ಲಾಕ್‌ಡೌನ್. ನಾನು ಊರು ತಲುಪಿದ್ದು ಮೂರನೇ ದಿನ. ಚಿಕ್ಕಪ್ಪ ಒಬ್ಬರೇ ಪಿಪಿಇ ಕಿಟ್ ಹಾಕಿಕೊಂಡು ಕೊಳ್ಳಿ ಇಟ್ಟಿದ್ದರು. ಮುಖ ನೋಡಿದಿರಾ ಅಂತ ಕೇಳಿದೆ. "ಜಿಪ್ ಹಾಕಿದ್ರು ಕಣಪ್ಪ" ಅಂದರು. ಅದಾದ ಮೇಲೆ ನಾವಿಬ್ಬರೂ ಆ ವಿಷಯ ಮಾತಾಡಿಲ್ಲ.

ಆ ಜೂನ್‌ನಲ್ಲಿ ನಮ್ಮ ತಾಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ಒಂದು ಕಾರ್ಯ ನಡೆಯಿತು. ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಬಂದು ಒಯ್ಯದೆ ಉಳಿದಿದ್ದ ನೂರಾರು ಕೋವಿಡ್ ಮೃತರ ಅಸ್ಥಿಯನ್ನು ತಂದು, ಕಂದಾಯ ಸಚಿವರಾಗಿದ್ದ ಆರ್. ಅಶೋಕ ಅವರೇ ನಿಂತು ವಿಸರ್ಜನೆ ಮಾಡಿದರು. ಟಿವಿಯಲ್ಲಿ ಸಾಲಾಗಿ ಇಟ್ಟ ಮಡಿಕೆಗಳನ್ನು ತೋರಿಸುತ್ತಿದ್ದರು. ಅಮ್ಮ ಬೆಳಗಿನಿಂದ ಒಂದು ಮಾತೂ ಆಡದವಳು, "ಯಾರ್ ಮಕ್ಳೋ, ಯಾರ್ ಗಂಡಂದಿರೋ. ನಮ್ಮ ಹೊಳೆಗೇ ಬಂದ್ರಲ್ಲ" ಅಂದಳು. ಆ ವರ್ಷದ ಮಾರ್ನಮಿ ಅಮಾವಾಸ್ಯೆಗೆ ಎಲೆ ಹಾಕುವಾಗ ಕೊನೆಯಲ್ಲಿ ಒಂದು ಎಲೆ ಜಾಸ್ತಿ ಹಾಕಿದಳು. ಯಾರಿಗೆ ಅಂತ ನಾವು ಕೇಳಲಿಲ್ಲ. ಪ್ರತಿವರ್ಷ ಹಾಕುತ್ತಾಳೆ.

ಅಕ್ಟೋಬರ್ 1ರಂದು ಜಿಟಿಬಿ ನಗರದಲ್ಲಿ ಹಳದಿ ಲೈನ್ ಹತ್ತಿ ನೇರ ಐಎನ್‌ಎ ಮಾರ್ಕೆಟ್ಟಿಗೆ ಹೋದೆ. ದಕ್ಷಿಣದವರಿಗೆ ದೆಹಲಿಯಲ್ಲಿ ಅದೊಂದು ತವರು. ರಾಗಿ ಹಿಟ್ಟು, ಹುರುಳಿ, ತೆಂಗಿನಕಾಯಿ, ಕರಿಬೇವು, ಮೂರು ಬಾಳೆ ಎಲೆ. ಅಪ್ಪನಿಗೊಂದು ಬಿಳಿ ಪಂಚೆ ಹುಡುಕಿದೆ, ಸಿಕ್ಕಿತು. ಬೀಡಿ ಮಾತ್ರ ಅಪ್ಪ ಸೇದುತ್ತಿದ್ದ ಗಣೇಶ ಬೀಡಿ ಎಲ್ಲೂ ಸಿಗಲಿಲ್ಲ. ಮುಖರ್ಜಿ ನಗರಕ್ಕೆ ವಾಪಸು ಬಂದು ಪಾನ್ ಅಂಗಡಿಯಲ್ಲಿ ಇದ್ದ ಯಾವುದೋ ಒಂದು ಕಟ್ಟು ತೆಗೆದುಕೊಂಡೆ. ಅಜ್ಜನ ಕ್ವಾರ್ಟರ್ ನೆನಪಾದದ್ದು ಮಾರನೇ ದಿನ ಬೆಳಿಗ್ಗೆ. ಅಂದು ಗಾಂಧಿ ಜಯಂತಿ. ದೆಹಲಿಯಲ್ಲಿ ಡ್ರೈ ಡೇ, ಅಲ್ಲಿ ಬೆಂಗಳೂರಿನಲ್ಲಿ ಮಾಂಸ ಮಾರಾಟವೂ ಬಂದ್. ಈ ಸಲ ಹಿರಿಯರೆಲ್ಲರೂ ಗಾಂಧೀಜಿಗೆ ಹೊಂದಿಕೊಳ್ಳಬೇಕಾಯಿತು.

ಇಂಡಕ್ಷನ್ ಒಲೆಯಲ್ಲಿ ಮುದ್ದೆ ಕೂಡಿಸುವುದು ಸುಲಭವಲ್ಲ. ಮೊದಲ ಸಲ ಗಂಟು, ಎರಡನೇ ಸಲ ಅಂಬಲಿ. ಮೂರನೇ ಸಲ ರೂಮ್‌ಮೇಟ್ ಪಾತ್ರೆ ಹಿಡಿದುಕೊಂಡ, ನಾನು ತಿರುವಿದೆ. ರೂಮಿನಲ್ಲಿ ಎರಡು ಮಂಚ, ಎರಡು ಮೇಜು ಬಿಟ್ಟರೆ ನೆಲವೇ ಇಲ್ಲವಾದ್ದರಿಂದ ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಲ್ಲಿ ಎಡೆ ಇಟ್ಟೆ. ಅಜ್ಜ ಅಜ್ಜಿಗೆ ಒಂದು, ಅಪ್ಪನಿಗೆ ಒಂದು, ಆಮೇಲೆ ಇನ್ನೊಂದು. ಎಳೆದುಕೊಳ್ಳಲು ಬಾಗಿಲಿರಲಿಲ್ಲ. ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತೆವು.

ಆಂಟಿ ಕಾಗೆಗೆ ಖೀರು ಇಡಲು ಹತ್ತಿ ಬಂದದ್ದು ಆಗ. ಎಲೆಗಳನ್ನು ನೋಡಿದರು. ಕಪ್ಪು ಉಂಡೆ ಏನು ಅಂತ ಕೇಳಿದರು, ಹೇಳಿದೆ. ಬೀಡಿ ಕಟ್ಟು, ಪಕ್ಕದ ಬೆಂಕಿಪೊಟ್ಟಣ ನೋಡಿ "ಪಾಪಾಜಿ?" ಅಂದರು. ಹೌದು ಅಂದೆ. ಬೈಯುತ್ತಾರೆ ಅಂತ ಕಾದೆ. ಮೂರನೇ ಎಲೆ ಯಾರದು ಅಂತ ಕೇಳಿದರು. ಇಡುವವರು ಇಲ್ಲದವರಿಗೆ ಅಂತ ನನ್ನ ಹಿಂದಿಯಲ್ಲಿ ಹೇಗೋ ಹೇಳಿದೆ.

ಅವರು ಟ್ಯಾಂಕಿನ ಕಟ್ಟೆ ಮೇಲೆ ಕೂತರು. ಅವರ ಗಂಡನ ಮನೆಯವರು 1947ರಲ್ಲಿ ಲಾಯಲ್‌ಪುರದಿಂದ ಬಂದವರು. ಇಲ್ಲೇ ಹತ್ತಿರದ ಕಿಂಗ್ಸ್‌ವೇ ಕ್ಯಾಂಪಿನ ನಿರಾಶ್ರಿತರ ಶಿಬಿರದಲ್ಲಿ ಇದ್ದರಂತೆ. ಗಂಡನ ಅಜ್ಜ ಮಾತ್ರ ಮನೆಗೆ ಬೀಗ ಹಾಕಿ ಬರುತ್ತೇನೆ ಎಂದು ಹಿಂದೆ ಉಳಿದರು, ಬರಲಿಲ್ಲ. ಯಾವ ದಿನ ಸತ್ತರು, ಹೇಗೆ ಸತ್ತರು ಗೊತ್ತಿಲ್ಲ. ತಿಥಿ ಗೊತ್ತಿಲ್ಲದವರಿಗೆಲ್ಲ ಈ ಸರ್ವಪಿತೃ ಅಮಾವಾಸ್ಯೆ. ಹರಿದ್ವಾರದ ಪಂಡಾಗಳ ವಹಿಯಲ್ಲಿ ಅವರ ಹೆಸರಿದೆ, ಮುಂದೆ ಖಾಲಿ ಜಾಗವಿದೆ ಅಂದರು. ಇಷ್ಟು ಹೇಳಿ ಎದ್ದು, ಕೈಲಿದ್ದ ಬಟ್ಟಲಿನಿಂದ ಒಂದು ಸೌಟು ಖೀರನ್ನು ಆ ಮೂರನೇ ಎಲೆಗೆ, ಮುದ್ದೆ ಪಕ್ಕ ಬಡಿಸಿದರು.

ಮೊದಲು ಬಂದದ್ದು ಪಾರಿವಾಳಗಳು. ರೂಮ್‌ಮೇಟ್ ಓಡಿಸಿದ. ಮತ್ತೆ ಬಂದವು. ಮೇಲೆ ಎರಡು ಹದ್ದು ಸುತ್ತುತ್ತಿದ್ದವು. ಕಾಗೆ ಬಂದದ್ದು ಮುಕ್ಕಾಲು ಗಂಟೆ ಬಿಟ್ಟು, ಒಂದೇ ಒಂದು. ಎದುರು ಮನೆಯ ಕೇಬಲ್ ಮೇಲೆ ಕೂತು ನೋಡಿತು, ಇಳಿಯಿತು. ಪೂರಿಯ ಚೂರನ್ನು ಮೂಸಿಯೂ ನೋಡಲಿಲ್ಲ. ಅಪ್ಪನ ಎಲೆಯಿಂದ ಮುದ್ದೆ ಕುಕ್ಕಿಕೊಂಡು ಹಾರಿಹೋಯಿತು. ಕಾಗೆ ಬರೀ ಕಾಗೆ ಅನ್ನುವುದು ನನಗೂ ಗೊತ್ತು. ಆದರೂ ನಾನು ಆ ಹೊತ್ತು ಅಲ್ಲಿಂದ ಎದ್ದು ಟ್ಯಾಂಕಿನ ಹಿಂದೆ ಹೋಗಿ ನಿಲ್ಲಬೇಕಾಯಿತು. ರೂಮ್‌ಮೇಟ್ ಕರೆಯಲಿಲ್ಲ, ಒಳ್ಳೆಯವನು.

ಆಮೇಲೆ ಇಬ್ಬರೂ ಉಂಡೆವು. ಮುದ್ದೆ ಅಗಿಯಬಾರದು, ನುಂಗಬೇಕು ಅಂತ ಎಷ್ಟು ಹೇಳಿದರೂ ಅವನು ಅಗಿದ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಕಾಗೆ ಮುಟ್ಟಿತಾ ಅಂತ ಕೇಳಿದಳು. ಮುಟ್ಟಿತು, ಅಪ್ಪನ ಎಲೆಯನ್ನೇ ಮೊದಲು ಅಂದೆ. ಸ್ವಲ್ಪ ಹೊತ್ತು ಆ ಕಡೆ ಮಗು ಅಳುವುದು ಮಾತ್ರ ಕೇಳುತ್ತಿತ್ತು.

"ಬೀಡಿ ಇಟ್ಯಾ?"

"ಇಟ್ಟೆ."

"ಗಣೇಶ ಬೀಡಿನೇ ತಾನೆ?"

ಹತ್ತು ದಿನದ ಹಿಂದಷ್ಟೇ ಎಥಿಕ್ಸ್ ಪತ್ರಿಕೆಯಲ್ಲಿ ಪ್ರಾಮಾಣಿಕತೆ ಬಗ್ಗೆ ಪುಟಗಟ್ಟಲೆ ಬರೆದು ಬಂದಿದ್ದೆ.

"ಹೂಂ ಕಣಮ್ಮ, ಗಣೇಶ ಬೀಡಿನೇ" ಅಂದೆ.